ಬೆಕ್ಕಿಗೆ ಬರೆದ ಮಾತ್ರೆ

ನಮ್ಮೂರ ಜನದ ಆಸ್ಪತ್ರೆಯ ಹಳೆಯ ಪುಸ್ತಕವೊಂದರಲ್ಲಿ, ನನಗೆ ಮಲೇರಿಯಾ ಬಂದಿತ್ತು, ಕ್ವಿನೈನ್ ಕುಡಿದು ವಾಸಿಯಾಯಿತು ಎಂದು ಬರೆದಿದೆ. ಶುದ್ಧ ಸುಳ್ಳು. ನನಗೆ ಬಂದದ್ದು ಪ್ಲೇಗು. ವಾಸಿ ಮಾಡಿದ್ದು ದನದ ಆಸ್ಪತ್ರೆ. ಅಲ್ಲಿನ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ, ನನ್ನ ಬೆಕ್ಕಿನ ವಿವರ ಇದೆ. ಬದುಕಿ ಉಳಿದೆನಲ್ಲ ಎಂದು ಸಂತೋಷಪಡು ಅಂತ ಎಲ್ಲರೂ ಹೇಳುತ್ತಾರೆ. ಸಂತೋಷ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ, ಅದು ಇಷ್ಟು ವರ್ಷವಾದರೂ ಇಳಿದಿಲ್ಲ.

ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಮಗಳು ಕೇಳುತ್ತಾಳೆ. ನಾನು ಬಾಯಿ ಬಿಟ್ಟಿದ್ದರೆ ನನ್ನನ್ನು ಉಳಿಸಿದ ಮನುಷ್ಯನ ಕೆಲಸ ಹೋಗುತ್ತಿತ್ತು. ಈಗ ಅವರೂ ಇಲ್ಲ, ಅವರ ಮೇಲಿದ್ದ ಸಾಹೇಬರುಗಳೂ ಇಲ್ಲ. ಡಾಕ್ಟರ ಮುಂದೆ ಕೂತು, ತನ್ನ ಮೈಯ ನೋವಿಗೆ ಪಕ್ಕದಲ್ಲಿ ನಿಂತವರು ಉತ್ತರ ಕೊಡುವುದನ್ನು ಕೇಳಿಸಿಕೊಂಡ ಹೆಂಗಸು ನಾನೊಬ್ಬಳೇ ಅಲ್ಲ ಎಂದು ಗೊತ್ತು. ಅಂಥವರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ಯುದ್ಧ ನಡೆಯುತ್ತಿದ್ದ ಕಾಲ. ನನಗಾಗ ಇಪ್ಪತ್ತೆರಡು ವರ್ಷ. ಮಳವಳ್ಳಿಯ ಪೇಟೆಯ ಹಿಂದಿನ ಬೀದಿಯಲ್ಲಿ ನಮ್ಮ ಹೆಂಚಿನ ಮನೆ. ಮನೆಯಲ್ಲಿ ನಾನು, ನಮ್ಮತ್ತೆ ಕೆಂಪಮ್ಮ, ಮತ್ತು ಇವರು, ಅಂದರೆ ನಮ್ಮ ಯಜಮಾನರು ಚನ್ನೇಗೌಡರು. ಇವರು ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಓಡಿಸುತ್ತಿದ್ದರು. ಏರು ಬಂದರೆ ಹತ್ತಿದವರೆಲ್ಲ ಇಳಿದು ತಳ್ಳಬೇಕು. ಇವರ ಖಾಕಿ ಅಂಗಿ ತಿಂಗಳು ಪೂರ್ತಿ ಮಸಿ.

ಇವರನ್ನು ಬಿಟ್ಟರೆ ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದದ್ದು ಒಂದು ಬೆಕ್ಕು. ಬೂದಿ ಬಣ್ಣದ ಹೆಣ್ಣು ಬೆಕ್ಕು, ಅದಕ್ಕೇ ಹೆಸರು ಬೂದಿ. ಪ್ಲೇಗು ಬರಬಾರದು ಎಂದಿದ್ದರೆ ಮನೆಗೊಂದು ಬೆಕ್ಕು ಸಾಕಿ ಎಂದು ಆರೋಗ್ಯ ಇಲಾಖೆಯವರೇ ಬೀದಿ ಬೀದಿಯಲ್ಲಿ ಹೇಳಿಕೊಂಡು ಹೋಗಿದ್ದರು. ನಮ್ಮನೆ ತುಂಬ ರಾಗಿ ಮೂಟೆ. ಅತ್ತೆ ಎಲ್ಲಿಂದಲೋ ಅಂಗೈ ಅಗಲದ ಮರಿ ತಂದರು, ನಾನು ಹಾಲು ಬಿಟ್ಟು ಬೆಳೆಸಿದೆ.

ಪ್ಲೇಗಿನ ಕಾಲದಲ್ಲಿ ನಮ್ಮ ಕಡೆ ನಡೆಯುತ್ತಿದ್ದದ್ದು ಹೀಗೆ. ಚಳಿಗಾಲದಲ್ಲಿ ಯಾವುದಾದರೂ ಮನೆಯಲ್ಲಿ ಇಲಿ ಸತ್ತು ಬಿದ್ದರೆ ತಮಟೆ ಹೊಡೆದು ಸಾರುತ್ತಿದ್ದರು. ಎಲ್ಲರೂ ಮನೆಗೆ ಬೀಗ ಹಾಕಿ, ಮಡಕೆ ಕುಡಿಕೆ ಹಾಸಿಗೆ ಗಾಡಿಗೆ ತುಂಬಿ, ಊರಾಚೆಯ ಹೊಲದಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡು ಎರಡು ಮೂರು ತಿಂಗಳು ಇರುವುದು. ಇಲಾಖೆಯವರು ಅಲ್ಲಿಗೇ ಬಂದು ತೋಳಿಗೆ ಪ್ಲೇಗಿನ ಸೂಜಿ ಹಾಕುತ್ತಿದ್ದರು. ಆ ವರ್ಷವೂ ಪೇಟೆ ಬೀದಿಯಲ್ಲಿ ಇಲಿ ಬಿತ್ತು. ನಾವೂ ಬಯಲಿಗೆ ಹೋದೆವು, ಸೂಜಿ ಹಾಕಿಸಿಕೊಂಡೆವು. ಅತ್ತೆ ಬೂದಿಯನ್ನು ಮುಚ್ಚಳದ ಬುಟ್ಟಿಯಲ್ಲಿ ಹಾಕಿಕೊಂಡು ಸೊಂಟದ ಮೇಲಿಟ್ಟು ತಂದರು.

ಮನುಷ್ಯರಿಗೆ ಬೀಗ ಹಾಕಬಹುದು, ಬೆಕ್ಕಿಗೆ ಯಾರು ಹಾಕುತ್ತಾರೆ? ಮಾರನೇ ದಿನವೇ ಬೂದಿ ಊರಿನ ಹಾದಿ ಹಿಡಿಯಿತು. ಬೆಕ್ಕಿಗೆ ಜನಕ್ಕಿಂತ ಮನೆಯ ಮೇಲೆ ಆಸೆ ಹೆಚ್ಚು. ಬೆಳಗ್ಗೆ ಹೋಗಿ ಹೆಂಚಿನ ಸಂದಿಯಲ್ಲಿ ಇಳಿದು ಹಗಲೆಲ್ಲ ಖಾಲಿ ಮನೆಯಲ್ಲಿ ಇರುತ್ತಿತ್ತು, ಸಂಜೆ ಹಸು ಕರೆಯುವ ಹೊತ್ತಿಗೆ ಸರಿಯಾಗಿ ಗುಡಿಸಲಿಗೆ ಬಂದು ಹಾಲಿಗೆ ಕೂಗುತ್ತಿತ್ತು. ಇಡೀ ಬಯಲಿನ ಜನಕ್ಕೆ ಅದೊಂದು ಮೋಜು. ಅತ್ತೆಗಂತೂ ಹೆಮ್ಮೆಯೋ ಹೆಮ್ಮೆ.

"ನಮ್ ಬೂದಿ ಮನೆ ಕಾಯ್ಕಂಡು ಬತ್ತದೆ ಕಣ್ರವ್ವ," ಎಂದು ಪಕ್ಕದ ಗುಡಿಸಲುಗಳಿಗೆಲ್ಲ ಹೇಳುತ್ತಿದ್ದರು. "ಆರೋಗ್ಯದೋರು ಎಲ್ಲಾರ ಮನೆ ಬೀಗ ತೆಗ್ದು ನೋಡುದ್ರಲ್ಲ, ನಮ್ಮನೇಲಿ ಒಂದೇ ಒಂದು ಇಲಿ ಬಿದ್ದಿಲ್ವಂತೆ!"

ಬಿದ್ದಿಲ್ಲವಂತೆ. ಬಿದ್ದ ಇಲಿ, ಬೀಳಲಿದ್ದ ಇಲಿ, ಅಮಲೇರಿದ ಹಾಗೆ ತೂರಾಡುತ್ತಿದ್ದ ಇಲಿ, ಎಲ್ಲ ಬೂದಿಯ ಹೊಟ್ಟೆಗೆ ಹೋಗುತ್ತಿದ್ದವು. ನಮ್ಮ ಮನೆ ಊರಿನಲ್ಲೇ ಚೊಕ್ಕಟವಾದ ಮನೆ ಎಂದು ಇಲಾಖೆಯವರು ಬಾಗಿಲ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಹೋದರು. ಅಷ್ಟೂ ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಆ ಸಿಟ್ಟು ನನ್ನ ಮೇಲೆಯೇ.

ಮೂರನೇ ವಾರದಲ್ಲಿ ಬೂದಿ ಒಂದು ಸಂಜೆ ಹಾಲು ಮುಟ್ಟಲಿಲ್ಲ. ಮುಟ್ಟಿ ನೋಡಿದರೆ ಮೈ ಕಾದ ಹಂಚು. ಗದ್ದದ ಕೆಳಗೆ ನಿಂಬೆಕಾಯಿ ಗಾತ್ರದ ಗಂಟು, ಬಾಯಲ್ಲಿ ಜೊಲ್ಲು. ಬೇವಿನ ನೀರಿನಲ್ಲಿ ತೊಳೆದೆ, ಅಕ್ಕಿಹಿಟ್ಟು ಬೇಯಿಸಿ ಬಿಸಿಬಿಸಿಯಾಗಿ ಕಟ್ಟು ಹಾಕಿದೆ. ಮಾರನೇ ದಿನ ಗಂಟು ಒಡೆದು ಕೀವು ಬಂತು. ಒರೆಸುವಾಗ ನೋವು ತಾಳದೆ ನನ್ನ ಬಲಗೈ ಮಣಿಕಟ್ಟನ್ನು ಉದ್ದಕ್ಕೆ ಪರಚಿತು. ಕೀವು ಹತ್ತಿದ ಕೈಯೇ, ಸೆರಗಿಗೆ ಒರೆಸಿಕೊಂಡು ಸುಮ್ಮನಾದೆ.

"ಬೆಕ್ಕು ಅಂದ್ಮೇಲೆ ಕಿತ್ತಾಡ್ಕಂಡು ಬತ್ತದೆ, ತಾನಾಗೇ ವಾಸಿಯಾಯ್ತದೆ ಬುಡಮ್ಮಿ," ಅಂದರು ಅತ್ತೆ. ಮೂರು ದಿನ ಕಾದೆ, ಆಮೇಲೆ ನನಗೆ ಮನಸ್ಸು ಕೇಳಲಿಲ್ಲ. ಬುಟ್ಟಿಯಲ್ಲಿ ಹಾಕಿಕೊಂಡು ಒಬ್ಬಳೇ ದನದ ಆಸ್ಪತ್ರೆಗೆ ನಡೆದೆ.

ಅಲ್ಲಿ ಎತ್ತುಗಳನ್ನು ನಿಲ್ಲಿಸಿ ಕಟ್ಟುವ ಮರದ ಚೌಕಟ್ಟಿನ ಮುಂದೆ ಸಾಲು. ಬಾಲ ಕೊಳೆತ ಎಮ್ಮೆ, ಗೊರಸು ಬಿಟ್ಟ ಎತ್ತು, ಬಂಡೂರಿನಿಂದ ಟಗರು ತಂದಿದ್ದ ಒಬ್ಬ ಗೌಡ. ನನ್ನ ಬುಟ್ಟಿಯೊಳಗಿಂದ ಸಣ್ಣ ಕೂಗು ಕೇಳಿ ಅವನು ಬಗ್ಗಿ ನೋಡಿ ನಕ್ಕ.

"ಯಾನವ್ವ, ಬೆಕ್ಕು ಉಳೋಕೆ ಬರಾಕಿಲ್ವಾ? ಡಾಕ್ಟ್ರಿಗೆ ತೋರ್ಸೋಕೆ ತಂದಿದ್ದೀಯಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಈಗಾಗಿದ್ದರೆ ಅವನಿಗೂ ಅವನ ಟಗರಿಗೂ ಸೇರಿಸಿ ಉತ್ತರ ಕೊಡುತ್ತಿದ್ದೆ.

ದನದ ಡಾಕ್ಟರು ಖಾದರ್ ಸಾಹೇಬರು ಎಂದು. ದಪ್ಪ ಕನ್ನಡಕ, ಕೆಂಪು ಮೂಗು, ಸಿಡುಕು ಮೋರೆ. ಅವರು ಮಾತ್ರ ನಗಲಿಲ್ಲ. ಬೂದಿಯ ಗದ್ದ ಎತ್ತಿ ನೋಡಿದವರು ಕೈ ಹಿಂದೆಳೆದುಕೊಂಡು ಒಳಗೆ ಹೋಗಿ ರಬ್ಬರಿನ ಕೈಗವಸು ಹಾಕಿಕೊಂಡು ಬಂದರು.

"ಇದು ಎಲ್ಲೆಲ್ಲಿ ಓಡಾಡ್ತದೆ ತಾಯಿ?"

ಹೇಳಿದೆ. ಊರಿನ ಮನೆ, ಹೆಂಚಿನ ಸಂದಿ, ಸಂಜೆಯ ಹಾಲು, ಎಲ್ಲ.

"ಮನೇಲಿ ಇಲಿ ಬಿದ್ದಿತ್ತಾ?"

"ಒಂದೂ ಬಿದ್ದಿಲ್ಲ ಸ್ವಾಮಿ," ಅಂದೆ, ಅತ್ತೆಯ ಹೆಮ್ಮೆಯಲ್ಲೇ.

"ಹೆಂಗೆ ಬೀಳ್ತದೆ? ಇದು ಬೀಳೋಕೆ ಬಿಡಬೇಕಲ್ಲ!" ಎಂದು ಗದರಿದರು. ಆ ಕ್ಷಣಕ್ಕೆ ನನಗೆ ಅರ್ಥವಾಯಿತು.

ಬಂಡೂರಿನ ಕಡೆ ಕುರಿಗಳು ಇದ್ದಕ್ಕಿದ್ದಂತೆ ಸತ್ತರೆ ಕಿವಿಯ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ದಿನದ ಕೆಲಸ. ಬೂದಿಯ ಕೀವನ್ನೂ ಹಾಗೇ ಸವರಿ, ಬಣ್ಣ ಹಾಕಿ, ಕಿಟಕಿಯ ಹತ್ತಿರ ಕೂತು ನೋಡಿದರು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ನೋಡಿದರು. ಆಚೆ ಎಮ್ಮೆಯವನು ಕೂಗುತ್ತಿದ್ದ, ಅವರು ಏಳಲಿಲ್ಲ.

"ಬೆಕ್ಕಲ್ಲಿ ಇದನ್ನ ನಾನು ಕಂಡಿದ್ದೇ ಇಲ್ಲ ತಾಯಿ, ಬಲು ಅಪರೂಪ. ಬೆಂಗಳೂರಿಗೆ ಕಳ್ಸಿದ್ರೆ ಉತ್ತರ ಬರೋಕೆ ವಾರಗಟ್ಟಲೆ ಬೇಕು. ಆದ್ರೆ ಅದೇ ಅಂತ ನನಗೆ ಅನ್ನಿಸ್ತದೆ." ಆಮೇಲೆ ನನ್ನ ಮಣಿಕಟ್ಟಿನ ಗೀರು ನೋಡಿ, "ಇದು ಯಾವಾಗ ಆಯ್ತು?" ಎಂದರು. ಬೂದಿ ಪರಚಿದ್ದು, ಮೂರು ದಿನವಾಯಿತು ಎಂದೆ.

ಬೀರುವಿನಿಂದ ಒಂದು ಸಣ್ಣ ಸೀಸೆ ತೆಗೆದರು. ಸಲ್ಫಾ ಮಾತ್ರೆ. ಯುದ್ಧದಿಂದಾಗಿ ಎಲ್ಲೂ ಸಿಗದು, ಅವರ ಹತ್ತಿರ ಇದ್ದದ್ದೂ ಅದೊಂದೇ ಸೀಸೆ. ಮಾತ್ರೆಯನ್ನು ಕತ್ತರಿಸಿ ಕಾಲು ಭಾಗವನ್ನು ಪುಡಿ ಮಾಡಿ ಬೆಣ್ಣೆಯಲ್ಲಿ ಕಲಸಿ ಬೂದಿಯ ಮುಂಗಾಲಿಗೆ ಸವರಿದರು. ಮೈ ಕೊಳಕಾದರೆ ಬೆಕ್ಕು ಸಹಿಸದು, ನೆಕ್ಕಿಯೇ ತೀರುತ್ತದೆ. ನೆಕ್ಕಿತು, ಕಹಿಗೆ ತಲೆ ಕೊಡವಿತು, ಮತ್ತೆ ನೆಕ್ಕಿತು. ಹೀಗೇ ಕೊಡುತ್ತಾ ಇರು, ಬುಟ್ಟಿಯಡಿಯಿಂದ ಹೊರಗೆ ಬಿಡಬೇಡ ಎಂದು ಹೇಳಿ ನಾಲ್ಕು ಮಾತ್ರೆ ಕಾಗದದಲ್ಲಿ ಕಟ್ಟಿಕೊಟ್ಟರು. ಜನದ ಆಸ್ಪತ್ರೆಯ ಡಾಕ್ಟರಿಗೆ ಒಂದು ಚೀಟಿ ಬರೆದು, ಗಾಜಿನ ಪಟ್ಟಿಯನ್ನು ಹತ್ತಿಯಲ್ಲಿ ಸುತ್ತಿ ಸಿಗರೇಟಿನ ತಗಡಿನ ಡಬ್ಬಿಯಲ್ಲಿಟ್ಟು ಕೈಗೆ ಕೊಟ್ಟರು. "ಜ್ವರ ಬರಲಿ ಬಿಡಲಿ, ನಾಳೆ ಬೆಳಗ್ಗೆ ಹೋಗಿ ಇದನ್ನ ತೋರ್ಸು ತಾಯಿ. ಮರೀಬೇಡ."

ಮರೆಯುವ ಪ್ರಸಂಗವೇ ಬರಲಿಲ್ಲ. ಮಾರನೇ ಬೆಳಗ್ಗೆ ಏಳುವಾಗ ತಲೆ ಸಿಡಿಯುತ್ತಿತ್ತು, ಬಲಗಂಕುಳಲ್ಲಿ ಕೆಂಡ ಇಟ್ಟ ಹಾಗೆ ಉರಿ. ಮುಟ್ಟಿದರೆ ಕೋಳಿಮೊಟ್ಟೆಯಷ್ಟು ಗಂಟು. ಇವರಿಗೆ ತೋರಿಸಿದೆ. ಇವರ ಮುಖ ಬಿಳಿಚಿಕೊಂಡಿತು.

"ಚಳಿಜ್ವರ ಇರ್ಬೋದು ಕಣಮ್ಮಿ," ಅಂದರು. "ನಾಲೆ ನೀರು ಬಂದ್ಮ್ಯಾಲೆ ಎಲ್ಲಾರ್ಗೂ ಅದೇ ಅಲ್ವಾ?"

ನನ್ನ ತವರು ಕೊತ್ತತ್ತಿ. ನಾಲೆಯ ದಂಡೆಯ ಮೇಲೆಯೇ ಹುಟ್ಟಿ ಬೆಳೆದವಳು. ಚಳಿಜ್ವರ ಎಷ್ಟು ಹೊತ್ತಿಗೆ ನಡುಗಿಸುತ್ತದೆ, ಎಷ್ಟು ಹೊತ್ತಿಗೆ ಬೆವರಿಸಿ ಬಿಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದು ಅದಲ್ಲ ಎಂದೆ. ಇವರು ಕೇಳಿಸಿಕೊಳ್ಳದವರ ಹಾಗೆ ಗಾಡಿ ಕಟ್ಟಲು ಹೋದರು.

ಆಸ್ಪತ್ರೆಯ ಹುಣಸೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕಾದೆವು. ಎಲ್ಲರ ಕೈಯಲ್ಲೂ ಒಂದೊಂದು ಸೀಸೆ, ಸೀಸೆಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿದೆ, ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಎಲ್ಲರಿಗೂ ಅದೇ ಕಹಿ ನೀರು. ಪಕ್ಕದಲ್ಲಿ ಕೂತ ಹೆಂಗಸು ಯಾರೋ, ನಾನು ಒರಗಿದ್ದನ್ನು ನೋಡಿ ತನ್ನ ಕಂಬಳಿ ಮಡಿಸಿ ತಲೆಗಿಟ್ಟಳು. ಏನು ಕಾಯಿಲೆ ಎಂದು ಕೇಳಲಿಲ್ಲ, ಸರಿದು ಕೂರಲೂ ಇಲ್ಲ. ಅವಳ ಹೆಸರು ಕೇಳಿಕೊಳ್ಳಲಿಲ್ಲ ಎಂದು ಇವತ್ತಿಗೂ ಪೇಚಾಡುತ್ತೇನೆ.

ಡಾಕ್ಟರು ಚೀಟಿ ಓದಿದರು. ಓದುತ್ತಾ ಓದುತ್ತಾ ಹುಬ್ಬು ಮೇಲೆ ಹೋಯಿತು.

"ಏನಯ್ಯ ಇದು? ದನದ ಡಾಕ್ಟರು ನನಗೆ ಪಾಠ ಹೇಳಿಕೊಡ್ತಾರಾ? ಬೆಕ್ಕಿನ ಕೀವು ತಂದು ನನ್ನ ಮೇಜಿನ ಮೇಲೆ ಇಡ್ತೀಯಾ? ಎತ್ತು ಆಚೆಗೆ!"

ಡಬ್ಬಿಯನ್ನು ತೆರೆಯಲೂ ಇಲ್ಲ. ಚೀಟಿಯನ್ನು ಮುದುರಿ ಕಸದ ಬುಟ್ಟಿಗೆ ಎಸೆದರು. ಆಮೇಲೆ ಪ್ರಶ್ನೆ ಶುರು ಮಾಡಿದರು. ನನ್ನನ್ನಲ್ಲ, ಇವರನ್ನು.

"ಸೂಜಿ ಹಾಕಿಸಿದ್ದೀಯಾ ಇವಳಿಗೆ?"

"ಆಕ್ಸಿವ್ನಿ ಸ್ವಾಮಿ."

"ಬಯಲಿಗೆ ಬಂದು ಎಷ್ಟು ದಿನ ಆಯ್ತು?"

"ಮೂರು ವಾರ ಸ್ವಾಮಿ."

"ಮನೆಯಲ್ಲಿ ಇಲಿ ಬಿದ್ದಿತ್ತಾ?"

"ಒಂದೂ ಇಲ್ಲ ಸ್ವಾಮಿ."

"ಮತ್ತೆ ಪ್ಲೇಗು ಆಕಾಶದಿಂದ ಬರುತ್ತಾ? ಮೈಯಲ್ಲಿ ಎಲ್ಲಾದರೂ ಗಂಟು ಇದೆಯಾ ಇವಳಿಗೆ?"

ನಾನು ಅವರಿಂದ ಒಂದು ಮೊಳ ದೂರದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಗಂಟು ನನ್ನ ಕಂಕುಳಲ್ಲಿತ್ತು. ಉತ್ತರ ಕೊಟ್ಟದ್ದು ನನ್ನ ಗಂಡ.

"ಇಲ್ಲ ಸ್ವಾಮಿ."

"ಐತೆ," ಅಂದೆ ನಾನು. ನಾಲಿಗೆ ದಪ್ಪವಾಗಿತ್ತು, ಆದರೂ ಅಂದೆ. "ಕಂಕುಳಲ್ಲಿ ಐತೆ ಸ್ವಾಮಿ."

ಡಾಕ್ಟರು ನನ್ನ ಕಡೆ ನೋಡಿದರು. ಇವರ ಕಡೆ ನೋಡಿದರು. ಇವರು ನೆಲ ನೋಡಿಕೊಂಡು, "ಜ್ವರ ನೆತ್ತಿಗೇರೈತೆ ಸ್ವಾಮಿ, ಏನೇನೋ ಅಂತಾಳೆ," ಅಂದರು. ಅಷ್ಟೇ ಸಾಕಾಯಿತು. ತೋಳು ಎತ್ತಮ್ಮ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಮಲೇರಿಯಾ ಎಂದು ಬರೆದುಕೊಂಡು ಸೀಸೆಗೆ ಕಹಿ ನೀರು ತುಂಬಿಸಿ ಕಳಿಸಿದರು.

ಇವರು ಯಾಕೆ ಹಾಗೆ ಹೇಳಿದರು ಎಂದು ನನಗೆ ಗೊತ್ತು. ಗಂಟು ಇದೆ ಎಂದರೆ ನನ್ನನ್ನು ಕಾಯಿಲೆಯವರ ಶೆಡ್ಡಿಗೆ ಒಯ್ಯುತ್ತಿದ್ದರು, ಹೋದವರು ಹಿಂದಕ್ಕೆ ಬಂದದ್ದನ್ನು ನಾವು ಕಂಡಿರಲಿಲ್ಲ. ಇವರನ್ನು ಬಸ್ಸು ಹತ್ತಿಸುತ್ತಿರಲಿಲ್ಲ. ಹೆದರಿದ್ದರು, ಪಾಪ. ಪಾಪ ಎಂದು ಈಗ ಬರೆಯುತ್ತಿದ್ದೇನೆ, ಆಗ ಅನ್ನಿಸಲಿಲ್ಲ. ಹಿಂದಕ್ಕೆ ಬರುವಾಗ ಗಾಡಿಯಲ್ಲಿ ಮಲಗಿ ಇವರ ಬೆನ್ನು ನೋಡುತ್ತಿದ್ದೆ. ಶಕ್ತಿ ಇದ್ದಿದ್ದರೆ ಒದೆಯುತ್ತಿದ್ದೆ.

ಅದರ ಮಾರನೇ ಮಧ್ಯಾಹ್ನ ಖಾದರ್ ಸಾಹೇಬರು ಸೈಕಲ್ ತುಳಿದುಕೊಂಡು ಬಯಲಿಗೆ ಬಂದರು. ಬಂದದ್ದು ಬೆಕ್ಕನ್ನು ನೋಡಲು. ಬೂದಿ ಬುಟ್ಟಿಯಡಿಯಲ್ಲಿ ತಲೆ ಎತ್ತಿ ಕೂತಿತ್ತು. ಜ್ವರ ಇಳಿದಿತ್ತು, ಹಾಲು ಕುಡಿದಿತ್ತು. ಸಾಹೇಬರ ಸಿಡುಕು ಮೋರೆ ಒಂದು ಗಳಿಗೆ ಅರಳಿತು. ಆಮೇಲೆ, ಆ ತಾಯಿ ಎಲ್ಲಿ ಎಂದು ಕೇಳಿದರು.

ಅತ್ತೆ ಗುಡಿಸಲಿನ ಬಾಗಿಲಿಗೆ ಅಡ್ಡ ನಿಂತರು. "ಮಲೇರಿಯಾ ಅಂದವ್ರೆ ಸಾಬ್ರೆ, ಔಸ್ದಿ ಕುಡ್ದು ಮಲಗವ್ಳೆ."

"ಚೀಟಿ ಓದಿದ್ರಾ ಡಾಕ್ಟ್ರು? ಗಾಜು ನೋಡಿದ್ರಾ?"

ಇವರು ಡಬ್ಬಿಯನ್ನು ತಂದು ಅವರ ಕೈಗಿಟ್ಟರು, ಕಟ್ಟಿದ್ದ ದಾರ ಹಾಗೇ ಇತ್ತು. ಸಾಹೇಬರು ಅದನ್ನು ನೋಡುತ್ತಾ ಉರ್ದುವಿನಲ್ಲಿ ಏನೋ ಬೈದರು. ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಒಳಗೆ ನನ್ನ ಕಡೆ ನೋಡಿ ಕೇಳಿದರು:

"ತಾಯಿ, ನೀವೇ ಹೇಳಿ. ಎಲ್ಲಿ ನೋವು?"

ಆ ಒಂದು ಮಾತಿಗೆ ನನಗೆ ಅಳು ಬಂತು. ಎರಡು ದಿನದಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದವರು ಆ ಬೆಕ್ಕಿನ ಡಾಕ್ಟರೊಬ್ಬರೇ. ಸೆರಗು ಸರಿ ಮಾಡಿಕೊಂಡು ತೋಳು ಎತ್ತಿದೆ. ಅಷ್ಟು ದೂರದಿಂದಲೇ ಅವರಿಗೆ ಕಾಣಿಸಿತು. ಅತ್ತೆಗೂ ಕಾಣಿಸಿತು. ಅತ್ತೆಗೆ ಮಗ ಅದನ್ನು ಹೇಳಿರಲೇ ಇಲ್ಲ.

"ಅಯ್ಯೋ ನನ್ ಮಗಳೆ," ಎಂದು ಅತ್ತೆ ಬಾಗಿಲು ಬಿಟ್ಟು ಬಂದು ನನ್ನ ತಲೆ ತೊಡೆಯ ಮೇಲೆ ಹಾಕಿಕೊಂಡರು. ಅಂಟುತ್ತದೆ ಎಂದು ಒಂದು ಗಳಿಗೆಯೂ ಹಿಂದೆ ಮುಂದೆ ನೋಡಲಿಲ್ಲ. ಇದನ್ನು ಬರೆಯಲೇಬೇಕು, ಯಾಕೆಂದರೆ ಆಮೇಲೆ ಅವರ ಬಗ್ಗೆಯೂ ಕೆಟ್ಟದ್ದು ಬರೆಯುವುದಿದೆ.

ಸಾಹೇಬರು ಹೊರಗೆ ಹುಲ್ಲಿನ ಮೆದೆಯ ಹತ್ತಿರ ಇವರನ್ನು ಕರೆದುಕೊಂಡು ಹೋದರು. ತಡಿಕೆಯ ಆಚೆಗೆ ಮಾತು ನನಗೆ ಕೇಳುತ್ತಿತ್ತು.

"ಮನುಷ್ಯರಿಗೆ ಔಷಧಿ ಕೊಡೋ ಅಧಿಕಾರ ನನಗಿಲ್ಲ ಕಣಪ್ಪ. ಕೊಟ್ಟೆ ಅಂತ ಗೊತ್ತಾದ್ರೆ ಕೆಲಸ ಹೋಗ್ತದೆ, ಜೈಲೂ ಆಗ್ಬೋದು." ಆಮೇಲೆ ದನಿ ತಗ್ಗಿಸಿದರು. "ಬೆಕ್ಕಿಗೆ ಕೊಡಬೋದು."

ಸೀಸೆ ಅಲುಗಾಡಿದ ಸದ್ದಾಯಿತು.

"ನಾಲ್ಕು ಗಂಟೆಗೊಂದು ಸಲ ಎರಡೆರಡು ಮಾತ್ರೆ. ಜೊತೆಗೆ ಅಡುಗೆ ಸೋಡಾ, ಚೆಂಬುಗಟ್ಟಲೆ ನೀರು."

"ಎರಡೆರಡಾ? ಕಾಲು ಮಾತ್ರೆ ಅಂದಿದ್ರಲ್ಲ ಸಾಬ್ರೆ. ಬೆಕ್ಕಿಗೆ ಅಷ್ಟೊಂದಾ?"

"ನಿಮ್ಮನೇಲಿ ಇನ್ನೊಂದು ದೊಡ್ಡ ಬೆಕ್ಕು ಐತಲ್ಲಪ್ಪಾ!" ಎಂದು ಸಾಹೇಬರು ಕಿರುಚಿದರು. "ಒಳಗೆ ಮಲಗೈತೆ! ಮಿಲಿಟ್ರೀಲಿ ಈ ಕಾಯಿಲೆಗೆ ಇದನ್ನೇ ಕೊಡ್ತಾರೆ ಅಂತ ಓದಿದೀನಿ. ಅರ್ಥ ಆಯ್ತಾ?"

ಅರ್ಥವಾಯಿತು. ಸೀಸೆ ಪೂರ್ತಿ ಕೊಟ್ಟುಬಿಟ್ಟರು. ಬೂದಿಗೆ ಎಂದು ಕಟ್ಟಿಕೊಟ್ಟಿದ್ದರಲ್ಲಿ ಉಳಿದದ್ದನ್ನೂ ಈ ಕಡೆಗೇ ಹಾಕಿ, ಬೆಕ್ಕು ತಡೆದುಕೊಳ್ಳುತ್ತದೆ, ಗಂಟು ಒಡೆದಿದೆ, ಎರಡು ದಿನದಲ್ಲಿ ಮಂಡ್ಯದಿಂದ ಬೇರೆ ತರಿಸುತ್ತೇನೆ ಎಂದರು. ಬುಟ್ಟಿಯಿಂದ ಮಾತ್ರ ಬಿಡಬೇಡಿ ಎಂದು ಮೂರು ಸಲ ಹೇಳಿದರು. ಆಮೇಲೆ ಬೆಕ್ಕಿನಲ್ಲಿ ಪ್ಲೇಗು ಕಂಡಿದೆ ಎಂದು ಆರೋಗ್ಯ ಇಲಾಖೆಗೆ ತಾವೇ ಹೋಗಿ ಬರೆದುಕೊಟ್ಟರು. ಅಲ್ಲಿಯೂ ನಕ್ಕರಂತೆ. ಆದರೂ ನಮ್ಮ ಊರಿನ ಮನೆಯ ಹೆಂಚು ತೆಗೆಸಿ ಹೊಗೆ ಹಾಕಿಸುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.

ಮುಂದಿನ ನಾಲ್ಕು ದಿನ ನನಗೆ ಸರಿಯಾಗಿ ನೆನಪಿಲ್ಲ. ಮಾತ್ರೆಯ ಕಹಿ, ಅತ್ತೆಯ ಕೈಯ ರಾಗಿ ಅಂಬಲಿ, ಗುಡಿಸಲ ಗರಿಯ ಸಂದಿಯಲ್ಲಿ ಬಿಸಿಲು. ಮಾತ್ರೆ ವಾಂತಿಯಾದರೆ ಅತ್ತೆ ಇನ್ನೊಂದನ್ನು ಪುಡಿ ಮಾಡಿ ಜೇನಿನಲ್ಲಿ ಕಲಸಿ ನಾಲಿಗೆಗೆ ಸವರುತ್ತಿದ್ದರು. ಬೂದಿಯ ಕಾಲಿಗೆ ಬೆಣ್ಣೆ ಸವರಿದ್ದು ನೆನಪಾಗಿ ನಗು ಬರುತ್ತಿತ್ತು, ನಕ್ಕರೆ ಕಂಕುಳು ನೋಯುತ್ತಿತ್ತು. ಐದನೇ ದಿನ ಗಂಟು ತಾನಾಗಿ ಒಡೆಯಿತು, ಜ್ವರ ಇಳಿಯಿತು. ಎದ್ದು ಕೂತವಳೇ ಮೊದಲು ಕೇಳಿದ್ದು ಬೂದಿಯನ್ನು.

ಅತ್ತೆ ಎದ್ದು ಒಲೆಯ ಹತ್ತಿರ ಹೋದರು. ಬುಟ್ಟಿ ಖಾಲಿಯಾಗಿ ಪಕ್ಕಕ್ಕೆ ಉರುಳಿ ಬಿದ್ದಿತ್ತು.

"ಬೂದಿ ಎಲ್ಲತ್ತೆ?"

"ಬಯಲಿನೋರೆಲ್ಲ ಜಗಳಕ್ಕೆ ಬಂದ್ರು ಕಣಮ್ಮಿ. ನಿಮ್ ಬೆಕ್ಕಿಂದ ನಮ್ ಮಕ್ಳುಮರಿಗೆ ಬತ್ತದೆ, ಏನಾರ ಮಾಡಿ ಅಂದ್ರು. ನಾನೇನ್ ಮಾಡ್ಲಿ? ಬೆಕ್ಕು ಕೊಂದ ಪಾಪ ಏಳು ಜನ್ಮಕ್ಕೂ ಓಗಕಿಲ್ಲ. ಅದ್ಕೇ ಕೊಲ್ನಿಲ್ಲ ಕಣವ್ವ, ದೇವ್ರಾಣೆಗೂ ಕೊಲ್ನಿಲ್ಲ."

ಕೊಲ್ಲಲಿಲ್ಲ. ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಮಗನ ಕೈಗೆ ಕೊಟ್ಟರು. ಇವರು ಅದನ್ನು ಬಸ್ಸಿನಲ್ಲಿಟ್ಟುಕೊಂಡು ಹೋಗಿ ಮದ್ದೂರಿನ ಹೊಳೆ ಸೇತುವೆಯ ಹತ್ತಿರ ಚೀಲ ಬಿಚ್ಚಿ ಬಿಟ್ಟು ಬಂದರು. ನಮ್ಮ ಕಡೆ ಬೇಡವಾದ ಬೆಕ್ಕಿಗೆ ಎಲ್ಲರೂ ಮಾಡುವುದೇ ಅದು. ಕೊಂದರೆ ಪಾಪ, ಇನ್ನೊಂದು ಊರಿನಲ್ಲಿ ಬಿಟ್ಟು ಬಂದರೆ ಪಾಪವಿಲ್ಲ. ನನ್ನ ಬೂದಿಯನ್ನು, ಅರ್ಧ ವಾಸಿಯಾದ ಬೂದಿಯನ್ನು, ಅದರ ಪಾಲಿನ ಮಾತ್ರೆಯನ್ನು ನಾನು ತಿಂದು ಮಲಗಿದ್ದಾಗ, ಹಾಗೆ ಬಿಟ್ಟು ಬಂದಿದ್ದರು.

ಸಾಹೇಬರು ಮಂಡ್ಯದಿಂದ ಬಂದ ಹೊಸ ಮಾತ್ರೆ ಹಿಡಿದುಕೊಂಡು ಬಂದಾಗ ಇವರೇ ಹೇಳಿದರು. ಸಾಹೇಬರು ಮೊದಲು ನಂಬಲಿಲ್ಲ. ಆಮೇಲೆ ಸೈಕಲ್ಲನ್ನು ನೆಲಕ್ಕೆ ಬಿಟ್ಟುಬಿಟ್ಟರು.

"ಮದ್ದೂರಲ್ಲಿ ಮನುಷ್ಯರಿಲ್ವೇನಯ್ಯ? ಪ್ಲೇಗನ್ನ ಚೀಲದಲ್ಲಿ ಕಟ್ಟಿ, ಜನರ ಮಧ್ಯೆ ಕೂರಿಸ್ಕೊಂಡು, ಬಸ್ಸಲ್ಲಿ ಕಳಿಸಿಕೊಟ್ರಾ? ಕೊಂದಿದ್ರೆ ಒಂದು ಬೆಕ್ಕು ಸಾಯ್ತಿತ್ತು!"

"ಕೊಲ್ಬಾರ್ದು ಅಂತ ಸಾಬ್ರೆ..."

"ಕೊಲ್ಲಬಾರ್ದು. ಸರಿ. ನನ್ನ ಹತ್ರ ತಂದು ಬಿಡೋಕೇನಾಗಿತ್ತು?"

ನಿಜ ಹೇಳಬೇಕೆಂದರೆ ಆ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಆಮೇಲೆ ನಾನು ದಿನಾ ಕಾಡಿ ಕಾಡಿ ಇವರನ್ನು ಸೇತುವೆಯ ಹತ್ತಿರ ಇಳಿಸುತ್ತಿದ್ದೆ. ಬಸ್ಸು ಇದ್ದಿಲು ತುಂಬಿಸಿಕೊಳ್ಳುವಷ್ಟು ಹೊತ್ತು ಇವರು ದಂಡೆಯ ಮೇಲೆ ಬೂದೀ ಬೂದೀ ಎಂದು ಕೂಗುತ್ತಾ ಓಡಾಡಿ ಬರುತ್ತಿದ್ದರು. ಸಿಗಲಿಲ್ಲ. ಆ ವರ್ಷ ಮದ್ದೂರಿನಲ್ಲಿ ಯಾರಿಗೆ ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ನನಗೆ ಇರಲಿಲ್ಲ, ಇವರಿಗೂ ಇರಲಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ನಾನು ದನದ ಆಸ್ಪತ್ರೆಗೆ ಹೋಗಿ ಸಾಹೇಬರ ಪುಸ್ತಕ ತೋರಿಸಿ ಎಂದು ಕೇಳಿದೆ. ಅವರು ಬೈದುಕೊಂಡೇ ತೆಗೆದು ತೋರಿಸಿದರು. ಬೆಕ್ಕು, ಹೆಣ್ಣು, ಬೂದಿ ಬಣ್ಣ, ಸಲ್ಫಾ ಮಾತ್ರೆ ಒಂದು ಸೀಸೆ, ಗುಣವಾಯಿತು.

"ಒಂದು ಸೀಸೆ ತಿಂದ ಬೆಕ್ಕು ಯಾವ್ದು ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀರಿ ಸಾಬ್ರೆ?" ಅಂದೆ.

"ಕೇಳಲ್ಲ ತಾಯಿ. ಬೆಕ್ಕಿನ ವಿಷಯ ಯಾರು ಓದ್ತಾರೆ? ನೀವು ಬಾಯಿ ಬಿಡದಿದ್ರೆ ಸಾಕು."

ಬಾಯಿ ಬಿಡದೆ ಇರುವುದು ಎಷ್ಟು ಕಷ್ಟ ಎಂದು ಅದೇ ವಾರ ಗೊತ್ತಾಯಿತು. ಇವರನ್ನು ಬಸ್ಸಿನ ಕೆಲಸದಲ್ಲಿ ಉಳಿಸಿಕೊಳ್ಳಬೇಕಾದರೆ ಮನೆಯಲ್ಲಿ ಯಾರಿಗೂ ಅಂಟುರೋಗವಿಲ್ಲ ಎಂದು ಆಸ್ಪತ್ರೆಯ ಚೀಟಿ ಬೇಕಾಗಿತ್ತು. ಅದೇ ಕಲ್ಲುಬೆಂಚು, ಅದೇ ಸ್ಟೂಲು, ಅದೇ ಡಾಕ್ಟರು. ಆ ಮನುಷ್ಯನಿಗೆ ಏನೇನು ಹೇಳಬೇಕು ಎಂದು ನಾನು ಒಂದು ತಿಂಗಳಿಂದ ಮನಸ್ಸಿನಲ್ಲೇ ಕೂಡಿಸಿಟ್ಟುಕೊಂಡಿದ್ದೆ.

"ನೋಡಿದೆಯಾ?" ಎಂದರು ಡಾಕ್ಟರು ಇವರಿಗೆ. "ಬೆಕ್ಕಂತೆ, ಪ್ಲೇಗಂತೆ! ಕ್ವಿನೈನ್ ಕುಡಿದು ಹೇಗೆ ಎದ್ದು ಬಂದಿದ್ದಾಳೆ."

ನಾನು ಎದ್ದು ನಿಂತೆ. ರವಿಕೆಯ ತೋಳು ಸರಿಸಿ ಕೈ ಎತ್ತಿದೆ. ಕಂಕುಳಲ್ಲಿ ಗಂಟು ಒಡೆದ ಗಾಯ ಇನ್ನೂ ಕೆಂಪಗೆ, ಹೊಲಿಗೆ ಬಿಟ್ಟ ಚೀಲದ ಬಾಯಿಯ ಹಾಗೆ ಇತ್ತು.

"ಚಳಿಜ್ವರದಲ್ಲಿ ಇದು ಬತ್ತದಾ ಸ್ವಾಮಿ?"

ಆಗ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅವರ ಮುಖದ ಬಣ್ಣ ಹೋಯಿತು. ಅದನ್ನು ನೋಡಿ ನನಗೆ ಆದ ಸಂತೋಷವನ್ನು ಇಲ್ಲವೆನ್ನುವುದಿಲ್ಲ. ಆದರೆ ಅದು ಒಂದು ಗಳಿಗೆ ಮಾತ್ರ. ಆ ಮನುಷ್ಯ ದಡ್ಡನಲ್ಲ. ಸ್ವಲ್ಪ ಹೊತ್ತಿನಲ್ಲೇ ಅವರ ಕಣ್ಣು ಸಣ್ಣದಾಯಿತು.

"ಯಾರು ಔಷಧಿ ಕೊಟ್ಟರು ನಿನಗೆ? ಆ ದನದ ಡಾಕ್ಟರೇನು?"

ಇವರು ಅಭ್ಯಾಸಬಲದಿಂದ ಬಾಯಿ ತೆರೆದರು.

"ನೀವು ಸುಮ್ಕಿರಿ," ಅಂದೆ. ಮದುವೆಯಾದ ಮೇಲೆ ನಾಲ್ಕು ಜನರ ಎದುರಿಗೆ ಇವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಇವರು ಬಾಯಿ ಮುಚ್ಚಿದರು. "ಕಾಯಿಲೆ ನನಗೆ ಬಂದಿದ್ದು. ನಾನು ಹೇಳ್ತೀನಿ."

ಡಾಕ್ಟರು ಪುಸ್ತಕ ಬಿಚ್ಚಿ, ಪೆನ್ನನ್ನು ಮಸಿಗೆ ಅದ್ದಿ, ನನ್ನ ಮುಖವನ್ನೇ ನೋಡುತ್ತಾ ಕಾದರು. ನನ್ನ ಮಾತಿಗೆ ಒಬ್ಬ ಡಾಕ್ಟರು ಹಾಗೆ ಕಾದದ್ದು ಅದೇ ಮೊದಲು. ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಗಂಟಲಲ್ಲಿತ್ತು. ಸಾಹೇಬರ ಸಿಡುಕು ಮೋರೆ, ಬಿಚ್ಚದ ದಾರದ ಡಬ್ಬಿ, ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲಿ ನೋವು ತಾಯಿ ಎಂದು ಕೇಳಿದ್ದು, ಎಲ್ಲ ಕಣ್ಣ ಮುಂದೆ ಬಂತು.

"ಯಾರೂ ಕೊಟ್ಟಿಲ್ಲ ಸ್ವಾಮಿ. ಇದು ಬರೀ ಕುರು, ಎದ್ದಿತ್ತು, ಒಡೀತು. ಜ್ವರ ಬುಟ್ಟಿದ್ದು ನಿಮ್ ಕ್ವಿನೈನಿಂದಲೇ."

ನಿಜ ಹೇಳಿದ ದಿನ ನನ್ನನ್ನು ನಂಬದ ಆ ಮನುಷ್ಯ, ಆ ಸುಳ್ಳನ್ನು ಒಂದಕ್ಷರ ಬಿಡದೆ ಬರೆದುಕೊಂಡರು.